ಚಹಾ ಕುಡಿದ ಮೇಲಿನ ಸುದ್ದಿ

ಮ್ಯಾಟ್ರಿಕ್ ಮುಗಿಸಿದ ಚನ್ನವೀರಪ್ಪ ಪುಣೆಯ ಕಾಲೇಜಿಗೆ ಹೊರಡುವಾಗ ಬೋರ್ಡಿಂಗಿನ ಗೆಳೆಯರಿಗೆ ತನ್ನ ಸಾಮಾನು ಹಂಚಿದ. ಕಂದೀಲು ಒಬ್ಬನಿಗೆ ಹೋಯಿತು, ತೇಪೆ ಹಾಕಿದ ಕೊಡೆ ಇನ್ನೊಬ್ಬನಿಗೆ. ಮಂದ್ರೂಪದ ಶಂಕರೆಪ್ಪನ ಪಾಲಿಗೆ ಬಂದದ್ದು ಎರಡು ಮಸಿಕುಡಿಕೆ, ಬರೆಯುವ ಒಂದು ಟಾಕು ಮತ್ತು 'ಊರ ಸುದ್ದಿ'. ಕೊಡೆ ಸಿಕ್ಕವನು ಶಂಕರೆಪ್ಪನನ್ನು ನೋಡಿ ಅಯ್ಯೋ ಪಾಪ ಎಂದ. ಶಂಕರೆಪ್ಪನಿಗೆ ಮಾತ್ರ ಅಕ್ಕಲಕೋಟೆಯ ಗಾದಿಯೇ ಸಿಕ್ಕಷ್ಟು ಸಂತೋಷವಾಗಿತ್ತು.

ಸೋಲಾಪುರದ ವಿಜಾಪುರ ರಸ್ತೆಯಲ್ಲಿದ್ದ ಆ ಬೋರ್ಡಿಂಗಿನ ಹುಡುಗರು 'ಪಡಸಾಲಿ' ಎಂಬ ವಾರಪತ್ರಿಕೆ ನಡೆಸುತ್ತಿದ್ದರು. ವಾರಪತ್ರಿಕೆ ಎಂದರೆ ಹೆಸರು ದೊಡ್ಡದಾಯಿತು. ಕೈಯಿಂದ ಬರೆದ ಎಂಟು ಹಾಳೆ, ಅದೂ ಒಂದೇ ಪ್ರತಿ. ಅದರಲ್ಲಿ ಆರು ಹಾಳೆ ಮರಾಠಿ. ಹುಡುಗರೆಲ್ಲ ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ಮರಾಠಿ ಕಲಿತವರು. ಕನ್ನಡ ಓದು ಎಂದರೆ ಅರ್ಧ ಜನ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಿದ್ದರು. ಕೊನೆಯ ಎರಡು ಹಾಳೆ ಮಾತ್ರ ಕನ್ನಡದ್ದು, ಅದೇ 'ಊರ ಸುದ್ದಿ'. ಹಾಗೆಂದು ಅದನ್ನು ಕೀಳಾಗಿ ನೋಡುವಂತಿರಲಿಲ್ಲ. ಶನಿವಾರ ಊರಿಗೆ ಹೋಗುವ ಹುಡುಗನೊಬ್ಬ ಪತ್ರಿಕೆಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಬೇಕು, ಮನೆಯ ಪಡಸಾಲೆಯಲ್ಲಿ ಎಲ್ಲರ ಮುಂದೆ ಅದನ್ನು ಓದಬೇಕು, ಸೋಮವಾರ ಮರಳಿ ತರಬೇಕು ಎಂಬ ಪದ್ಧತಿಯಿತ್ತು. ಊರಿನವರು ಕೇಳುತ್ತಿದ್ದದ್ದು ಆ ಎರಡು ಹಾಳೆಗಳನ್ನೇ. ಹಿಮಾಲಯದ ಮೇಲಿನ ಮರಾಠಿ ಕವಿತೆಯನ್ನು ಮಂದ್ರೂಪದಲ್ಲಿ ಯಾರೂ ಕೇಳಿದ್ದಿಲ್ಲ.

ಹೊರಡುವ ಮುಂಚೆ ಚನ್ನವೀರಪ್ಪ ಹೊಸ ಸಂಪಾದಕನನ್ನು ಎದುರಿನ ಚಹಾದ ಅಂಗಡಿಗೆ ಕರೆದುಕೊಂಡು ಹೋದ. ಗಿರಣಿಯ ಭೋಂಗಾ ಆಗಷ್ಟೇ ಕೂಗಿ ರಸ್ತೆಯಲ್ಲಿ ಜನವೋ ಜನ.

"ನೋಡು ಶಂಕರಾ, ಊರಿಂದ ಬಂದಂವ ಬಾಗಿಲದಾಗ ನಿಂತು ಒಂದು ಸುದ್ದಿ ಹೇಳತಾನ. ಅದನ್ನ ಕೇಳು, ಬರಕೋಬ್ಯಾಡ. ಮೊದಲ ಅವನ್ನ ಕುಂಡ್ರಸು. ಒಂದು ಕಪ್ಪು ಚಹಾ ಕುಡಸು. ಚಹಾ ಮುಗದ ಮ್ಯಾಲೆ ಇನ್ನೊಂದು ಹೇಳತಾನ. ಅದು ಖರೇ ಸುದ್ದಿ."

"ಅಂದ್ರ ಮೊದಲಿಂದು ಸುಳ್ಳೇನು ಚನ್ನವೀರಣ್ಣಾ?"

"ಸುಳ್ಳಲ್ಲೋ ಮಾರಾಯ, ಅರ್ಧಾ. ಹಾದಿ ಉದ್ದಕ್ಕ ಬಾಯಾಗ ಹಿಡಕೊಂಡು ಬಂದಿದ್ದು ಅದು. ಹೊಟ್ಟ್ಯಾಗಿಂದು ಹೊರಗ ಬರಬೇಕಾದ್ರ ಚಹಾ ಬೇಕು. ನಿಮ್ಮೂರ ಶಿವಶರಣಪ್ಪ ಕಾಕಾನ ಬಾವಿ ನೆನಪೈತಿಲ್ಲೋ?"

ಮಂದ್ರೂಪದವನಿಗೆ ಆ ಬಾವಿ ನೆನಪಿಲ್ಲದೆ ಇರುತ್ತದೆಯೇ? ನೀರು ಬಿತ್ತು ಎಂದು 'ಪಡಸಾಲಿ'ಯಲ್ಲಿ ಬಂದಿತ್ತು. ಸುದ್ದಿ ತಂದ ಹುಡುಗನನ್ನು ಚನ್ನವೀರಪ್ಪ ಕೂಡಿಸಿ ಕೇಳಿದ್ದರೆ, ಬಿದ್ದ ನೀರು ಸಂಜೆಯೊಳಗೆ ಬತ್ತಿಹೋಯಿತೆಂಬುದೂ ತಿಳಿಯುತ್ತಿತ್ತು. ಪತ್ರಿಕೆ ಊರಿಗೆ ಹೋಗಿ ಪಡಸಾಲೆಯಲ್ಲಿ ಓದಿಸಿಕೊಂಡಾಗ ಶಿವಶರಣಪ್ಪ ಒಣಬಾವಿಯ ದಡದಿಂದಲೇ ಎದ್ದುಬಂದಿದ್ದ. ಪತ್ರಿಕೆಯವರು ತನ್ನನ್ನು ಅಣಕಿಸಿದರೆಂದು ಒಂದು ವರ್ಷ ಬೋರ್ಡಿಂಗಿನ ಹುಡುಗರ ಮುಖ ನೋಡಲಿಲ್ಲ.

ಚನ್ನವೀರಪ್ಪ ಮುಂದುವರಿಸಿದ. "ಎಮ್ಮಿ ಈಯ್ದ್ರ ಬರಿ. ಎತ್ತು ಓಟದಾಗ ಗೆದ್ರ ಬರಿ. ಅಣ್ಣತಮ್ಮರು ಬ್ಯಾರೆ ಆದ್ರ ಬರೀಬ್ಯಾಡ, ನಾಳಿ ಅವರು ಕೂಡತಾರ, ನಿನ್ನ ಹಾಳಿ ಹಂಗೇ ಉಳೀತೈತಿ. ಮಂದ್ರೂಪದ ಸುದ್ದಿ ವಾರಕ್ಕ ಒಂದಕ್ಕಿಂತ ಜಾಸ್ತಿ ಬ್ಯಾಡ, ನಿಮ್ಮೂರು ಅಂತ ನನಗೂ ಗೊತ್ತೈತಿ, ಎಲ್ಲಾರಿಗೂ ಗೊತ್ತೈತಿ. ಮತ್ತ ಅಕ್ಕಲಕೋಟಿಗಿ, ನಮ್ಮ ಮನಿಗಿ, ಪಡಸಾಲಿ ಅಂಕ ಕಳಿಸೂದು ಮರೀಬ್ಯಾಡ. ನಾ ಇಲ್ಲಂದ್ರೂ ನಮ್ಮ ಆಯಿ ದಾರಿ ಕಾಯತಾಳ. ಆಕಿಗಿ ಅಕ್ಷರ ಬರೂದಿಲ್ಲ, ನಮ್ಮ ತಂಗಿ ಓದತಾಳ. ಓಣಿ ಹೆಣಮಕ್ಕಳೆಲ್ಲಾ ಬಂದು ಕುಂಡ್ರತಾರ."

ಶಂಕರೆಪ್ಪ ಎಲ್ಲದಕ್ಕೂ ತಲೆಯಾಡಿಸಿದ. ಹೊಸದಾಗಿ ಅಧಿಕಾರಕ್ಕೆ ಬಂದವರು ತಲೆಯಾಡಿಸುವಷ್ಟು ಚೆನ್ನಾಗಿ ಬೇರೆ ಯಾರೂ ಆಡಿಸುವುದಿಲ್ಲ.

ಮೊದಲ ಕೆಲವು ತಿಂಗಳು ಅವನು ಉಪದೇಶ ಬಿಟ್ಟು ಅತ್ತಿತ್ತ ಸರಿಯಲಿಲ್ಲ. ಊರಿಂದ ಬಂದ ಹುಡುಗರನ್ನು ಚೀಲ ಇಳಿಸುವ ಮೊದಲೇ ಅಂಗಡಿಗೆ ಎಳೆದುಕೊಂಡು ಹೋಗುತ್ತಿದ್ದ. ನಿಜಕ್ಕೂ ಎರಡನೆಯ ಸುದ್ದಿ ಬರುತ್ತಿತ್ತು! ಹತ್ತಿ ಚೆನ್ನಾಗಿ ಬಂದಿದೆ ಎಂಬುದು ಮೊದಲನೆಯದು. ಚಹಾ ಮುಗಿದ ಮೇಲೆ, ಹತ್ತಿ ಬಿಡಿಸಲು ಹೋದ ಅತ್ತೆಗೂ ಸೊಸೆಗೂ ಮಾತು ಶುರುವಾಗಿ ಸಂಜೆಯ ಹೊತ್ತಿಗೆ ಇಬ್ಬರೂ ನಗುತ್ತ ಮರಳಿದರಂತೆ ಎಂಬುದು ಎರಡನೆಯದು. 'ಊರ ಸುದ್ದಿ'ಗೆ ಬಹಳ ರುಚಿ ಬಂತು. ಮರಾಠಿ ಹಾಳೆಗಳ ಸಂಪಾದಕ ನಾಗಣ್ಣ ಕೂಡ ಒಂದು ದಿನ, "ಶಂಕರಾ, ನಿಮ್ಮ ಎಮ್ಮಿ ನಮ್ಮ ಹಿಮಾಲಯನ ಮೆಟ್ಟಿ ಬಿಟ್ಟಾವ," ಎಂದು ಒಪ್ಪಿಕೊಂಡ.

ಹೀಗೆ ಹೆಸರು ಬರತೊಡಗಿದಾಗಲೇ ಮನುಷ್ಯನಿಗೆ ಅವಸರವೂ ಬರುತ್ತದೆ.

ದೀಪಾವಳಿ ಮುಗಿದ ವಾರ ಅಂಕ ತಡವಾಯಿತು. ಶನಿವಾರ ಮಧ್ಯಾಹ್ನವಾದರೂ 'ಊರ ಸುದ್ದಿ'ಯ ಕೊನೆಯಲ್ಲಿ ನಾಲ್ಕು ಸಾಲು ಜಾಗ ಖಾಲಿ ಉಳಿದಿತ್ತು. ಪತ್ರಿಕೆ ಆ ವಾರ ಹೋಗಬೇಕಾದದ್ದು ಅಕ್ಕಲಕೋಟೆಗೆ. ಒಯ್ಯಬೇಕಾದ ಬಂಡೆಪ್ಪ ಹೆಗಲಿಗೆ ಚೀಲ ಹಾಕಿಕೊಂಡು ಬಾಗಿಲಲ್ಲಿ ಕುಣಿಯುತ್ತಿದ್ದ. ಬಂಡೆಪ್ಪ ಅಕ್ಕಲಕೋಟೆಯಲ್ಲಿ ಚನ್ನವೀರಪ್ಪನ ಓಣಿಯವನೇ, ನಡುವಾರದಲ್ಲಿ ಒಮ್ಮೆ ಊರಿಗೆ ಹೋಗಿ ಬಂದಿದ್ದ.

"ಬಂಡೆಪ್ಪಾ, ನಿಮ್ಮೂರಿಂದು ಒಂದು ಸುದ್ದಿ ಒಗಿ, ಲಗೂ!"

"ಚನ್ನವೀರಣ್ಣನ ತಂಗಿನ್ನ ನೋಡಾಕ ಸೋಲಾಪುರದವರು ಬಂದಿದ್ರು. ಶಿರಾ ತಿಂದ್ರು, ಚಹಾ ಕುಡದ್ರು, ಹುಡುಗಿ ಪಸಂದ ಅಂದ್ರಂತ. ಗಾಡಿ ತಪ್ಪತೈತಿ, ನಡಿ ನಡಿ!"

ಶಂಕರೆಪ್ಪನ ಮುಖ ಅರಳಿತು. ತನಗೆ ಟಾಕು ಕೊಟ್ಟುಹೋದ ಗೆಳೆಯನ ಮನೆಯ ಶುಭ ಸುದ್ದಿ! ಕುಡಿಸಬೇಕಾದ ಚಹಾ ನೆನಪಾಗಲೇ ಇಲ್ಲ ಎನ್ನುವಂತಿಲ್ಲ, ನೆನಪಾಗಿತ್ತು, ಹೊತ್ತಿರಲಿಲ್ಲ. ದುಂಡಗಿನ ಅಕ್ಷರಗಳಲ್ಲಿ ಬರೆದ: 'ಅಕ್ಕಲಕೋಟೆ: ನಮ್ಮ ಮಾಜಿ ಸಂಪಾದಕರಾದ ಚನ್ನವೀರಪ್ಪನವರ ತಂಗಿ ಚಿ. ನೀಲಗಂಗಾಳನ್ನು ನೋಡಲು ಸೋಲಾಪುರದ ಪ್ರತಿಷ್ಠಿತ ಮನೆತನದವರು ಬಂದುಹೋದರು. ಕನ್ಯೆ ಎಲ್ಲರ ಮನಸ್ಸಿಗೆ ಬಂದಿದ್ದಾಳೆ. ವಾಚಕರು ಬೂಂದಿ ಲಾಡುವಿಗೆ ಸಿದ್ಧರಾಗಿರಬೇಕು.' ಬೂಂದಿ ಲಾಡುವಿನ ಮಾತು ತನ್ನ ಸ್ವಂತದ್ದೆಂದು ಅವನಿಗೆ ಹೆಮ್ಮೆ ಬೇರೆ. ಮಸಿ ಆರುವ ಮೊದಲೇ ಬಂಡೆಪ್ಪ ಹಾಳೆ ಕಿತ್ತುಕೊಂಡು ಓಡಿದ. ಬೋರ್ಡಿಂಗಿನಲ್ಲಿ ಯಾರೂ ಅದನ್ನು ಇನ್ನೂ ಓದಿರಲಿಲ್ಲ.

ಮರುದಿನ ರವಿವಾರ ಬೆಳಿಗ್ಗೆ ಕೆಂಪು ಮಸಿ ತರಲು ಶಂಕರೆಪ್ಪ ನವಿ ಪೇಠೆಗೆ ಹೋದ. ಹಾದಿಯಲ್ಲಿ ಸಹಪಾಠಿ ಸಿದ್ದಣ್ಣನ ಅಪ್ಪನ ಬಟ್ಟೆ ಅಂಗಡಿ. ಸಿದ್ದಣ್ಣ ಗಾದಿಯ ಮೇಲೆ ಕುಳಿತು ಧೋತರದ ಗಂಟು ಬಿಚ್ಚುತ್ತಿದ್ದ. ಮೆಟ್ಟಿಲ ಮೇಲೆ ಕೂತ ಗೆಳೆಯನಿಗೆ ಚಹಾ ತರಿಸಿದ, ತಾನೂ ಕುಡಿದ. ಕುಡಿದಾದ ಮೇಲೆ ದನಿ ತಗ್ಗಿಸಿದ.

"ಒಂದು ಮಾತು, ಹೊಟ್ಟ್ಯಾಗ ಇಟಕೊ. ನಮ್ಮ ಕಾಕಾನ ಮಗಾ ಅಕ್ಕಲಕೋಟಿಗಿ ಕನ್ಯಾ ನೋಡಾಕ ಹೋಗಿದ್ನಲ್ಲ, ನಮ್ಮ ಚನ್ನವೀರಣ್ಣನ ತಂಗಿ. ಬ್ಯಾಡ ಅಂದ್ರು."

ಶಂಕರೆಪ್ಪ ಮೆಟ್ಟಿಲಿಂದ ಎದ್ದುನಿಂತ. "ಪಸಂದ ಅಂದಿದ್ರಂತ?"

"ಅಲ್ಲಿ ಎಲ್ಲಾರೂ ಹಂಗ ಅಂತಾರ, ಶಿರಾ ತಿಂದಮ್ಯಾಲೆ ಮತ್ತೇನ ಅನ್ನಬೇಕು? ಹುಡುಗಿಗಿ ಓದಾಕ ಬರತೈತೇನ ಅಂತ ಕಾಕಾ ಕೇಳ್ಯಾನ. ಆಕಿ ಅಲ್ಲೇ ಬಿದ್ದಿದ್ದ ಒಂದು ಪುಸ್ತಕ ತಗೊಂಡು ತಡೀದ ಓದಿ ತೋರಿಸ್ಯಾಳ. ನಮ್ಮ ಕಾಕು, ಹುಡುಗನ ಅವ್ವ, ಮನಿಗಿ ಬಂದು, ಹಿಂಗ ದೊಡ್ಡ ದನಿಲೆ ಓದೂ ಸೊಸಿ ನಮಗ ಬ್ಯಾಡ ಅಂದ್ಳು. ಗುರುವಾರ ಹೇಳಿ ಕಳಿಸ್ಯಾರ. ಯಾರ ಮುಂದೂ ಅನಬ್ಯಾಡ ಮತ್ತ, ಆ ಮನಿಯವರು ಕೈ ಮುಗದು ಕೇಳಕೊಂಡಾರ. ಇನ್ನೊಂದು ಕಡೆಯವರು ನೋಡಾಕ ಬರೂವರು ಅದಾರಂತ."

ಕನ್ಯೆ ನೋಡಿಹೋದ ಸುದ್ದಿಯನ್ನು ಸಾಕರಪುಡಾ ಆಗುವವರೆಗೆ, ಅಂದರೆ ಎರಡೂ ಮನೆಯವರು ಸಕ್ಕರೆಯ ಪುಡಿಕೆ ಕೈಗಿಡುವವರೆಗೆ, ಹೊಸಿಲು ದಾಟಿಸಬಾರದು ಎಂಬುದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ನೋಡಿ ಬೇಡವೆಂದರೆಂದು ತಿಳಿದರೆ, ಆ ಹುಡುಗಿಗೆ ಏನೋ ಕೊರತೆಯಿರಬೇಕೆಂದು ನಾಲ್ಕು ಬಾಯಿ ಮಾತಾಡುತ್ತವೆ. ಮುಂದೆ ಬರುವವರು ಅರ್ಧ ದಾರಿಯಲ್ಲೇ ಹಿಂತಿರುಗುತ್ತಾರೆ. ಹೆಣ್ಣುಮಕ್ಕಳಿದ್ದ ಮನೆಯಲ್ಲಿ ಬೆಳೆಯದ ಶಂಕರೆಪ್ಪ ಇದನ್ನು ಕೇಳಿದ್ದ, ಯೋಚಿಸಿರಲಿಲ್ಲ. ಈಗ ಯೋಚಿಸಿದ. ಇಂದು ಮಧ್ಯಾಹ್ನ ಊಟವಾದ ಮೇಲೆ ಓಣಿಯ ಹೆಂಗಸರೆಲ್ಲ ಕೂಡುತ್ತಾರೆ, ಅವರ ಮುಂದೆ ಆ ನಾಲ್ಕು ಸಾಲು ಓದಿಸಿಕೊಳ್ಳುತ್ತವೆ. ಲಾಡು ಯಾವಾಗ ಎಂದು ಅವರು ಕೇಳುತ್ತಾರೆ. ಮನೆಯವರು ಏನೆಂದು ಉತ್ತರ ಕೊಡಬೇಕು?

ಕೆಂಪು ಮಸಿಯ ಮಾತು ಅಲ್ಲೇ ಬಿಟ್ಟು ಅವನು ಸ್ಟೇಶನ್ನಿಗೆ ಓಡಿದ. ಸಮಾಧಾನದ ಸಂಗತಿ ಒಂದೇ: ಇದ್ದದ್ದು ಒಂದೇ ಪ್ರತಿ. ಓದುವ ಮೊದಲೇ ಕೈಗೆ ಸಿಕ್ಕರೆ ಆ ಮಾತು ಹುಟ್ಟಿಯೇ ಇಲ್ಲದಂತೆ.

ರೈಲಿನಲ್ಲಿ ಕೂತಾಗ ಇನ್ನೊಂದು ನೆನಪಾಯಿತು. ನಮ್ಮ ತಂಗಿ ಓದತಾಳ ಎಂದಿದ್ದನಲ್ಲ ಚನ್ನವೀರಪ್ಪ! ಆ ಸಾಲುಗಳನ್ನು ಓಣಿಯ ಮುಂದೆ ಓದಬೇಕಾದವಳು ಆ ಹುಡುಗಿಯೇ. ತನ್ನನ್ನು ನೋಡಿದರು, ತಾನು ಮನಸ್ಸಿಗೆ ಬಂದೆ, ಲಾಡುವಿಗೆ ಸಿದ್ಧರಾಗಿ ಎಂದು ಅವಳೇ ಬಾಯಿಬಿಟ್ಟು ಹೇಳಬೇಕು, ಬೇಡವೆಂದು ಹೇಳಿ ಕಳಿಸಿ ಇನ್ನೂ ವಾರವೂ ಆಗಿಲ್ಲ. ಶಂಕರೆಪ್ಪನಿಗೆ ಅಲ್ಲೇ ಅಳು ಬಂತು. ಎದುರು ಕೂತ ಮುದುಕ, "ಪರೀಕ್ಷಾ ನಾಪಾಸೇನೋ ತಮ್ಮಾ?" ಎಂದು ಕೇಳಿದ. ಶಂಕರೆಪ್ಪ ಹೌದೆಂದು ತಲೆಯಾಡಿಸಿದ.

ಅಕ್ಕಲಕೋಟ ರೋಡ್ ಸ್ಟೇಶನ್ನಿನಲ್ಲಿ ಇಳಿದರೆ ಊರು ಇನ್ನೂ ಮೈಲಿಗಟ್ಟಲೆ ದೂರ. ಇದ್ದ ಒಂದು ಟಾಂಗಾ ಮದುವೆಯ ದಿಬ್ಬಣದಷ್ಟು ಜನರನ್ನು ತುಂಬಿಕೊಂಡು ಹೊರಟಿತ್ತು. ಅದರ ಹಿಂದೆ ಓಡಿದ, ಬಿಟ್ಟ, ನಡೆದ, ಜೋಳದ ದಂಟಿನ ಬಂಡಿಯೊಂದಕ್ಕೆ ಜೋತುಬಿದ್ದ, ಎತ್ತುಗಳು ನಿಧಾನವೆನಿಸಿ ಇಳಿದು ಮತ್ತೆ ಓಡಿದ. ಒಂದು ಚಪ್ಪಲಿಯ ಬಾರು ಹರಿಯಿತು. ಎರಡನ್ನೂ ಕೈಯಲ್ಲಿ ಹಿಡಿದ. ಊರು ಮುಟ್ಟುವಾಗ ಹೊತ್ತು ನೆತ್ತಿಯಿಂದ ಇಳಿದಿತ್ತು, ಮೈಮೇಲೆ ಧೂಳು ಎಷ್ಟಿತ್ತೆಂದರೆ ದಾರಿ ಕೇಳಿದರೆ ಜನ ಭಿಕ್ಷೆಗೆ ಬಂದವನೆಂದುಕೊಂಡರು.

ಚನ್ನವೀರಪ್ಪನ ಮನೆಯ ಅಂಗಳದಲ್ಲಿ ಶೇಂಗಾ ಒಣಹಾಕಿದ್ದರು. ತೆರೆದ ಬಾಗಿಲ ಒಳಗಿನ ಪಡಸಾಲೆಯಲ್ಲಿ ಹತ್ತಾರು ಹೆಂಗಸರು ಕೂತಿದ್ದರು. ನಡುವೆ ಕಂಬಕ್ಕೆ ಒರಗಿದ ಮುದುಕಿ, ಚನ್ನವೀರಪ್ಪನ ಆಯಿ, ಅಂದರೆ ಅಜ್ಜಿ, ಗುರುಬಾಯಿ. ಅವಳ ಪಕ್ಕದಲ್ಲಿ ತೊಡೆಯ ಮೇಲೆ ಹಾಳೆಗಳನ್ನು ಹರಡಿಕೊಂಡ ಹುಡುಗಿ. ಶಂಕರೆಪ್ಪ ಹೊಸಿಲ ಹೊರಗೇ ನಿಂತುಬಿಟ್ಟ. ಓದು ಆಗಲೇ ಕೊನೆಯ ಹಾಳೆಗೆ ಬಂದಿತ್ತು.

ನೀಲಗಂಗಾಳ ದನಿ ದೊಡ್ಡದೇನೂ ಅಲ್ಲ, ಆದರೆ ಹಿಂದಿನ ಸಾಲಿನ ಕಿವುಡಿಗೂ ಕೇಳುವಷ್ಟು ಬಿಚ್ಚಿದ ದನಿ. ಮಂದ್ರೂಪದ ಸುದ್ದಿ ಓದಿದಳು. ಅದು ಶಂಕರೆಪ್ಪ ಬರೆದದ್ದೇ, ಆದರೆ ಅವಳ ಬಾಯಲ್ಲಿ ಕೇಳುವಾಗ ತಾನು ಅಷ್ಟು ಚೆನ್ನಾಗಿ ಬರೆದಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ಆಮೇಲೆ ಅವಳು "ಅಕ್ಕಲಕೋಟೆ" ಎಂದಳು. ಹೆಂಗಸರೆಲ್ಲ ಸರಿದು ಕೂತರು. ಶಂಕರೆಪ್ಪ ಕೂಗಬೇಕೆಂದು ಬಾಯಿ ತೆರೆದ, ಗಂಟಲಿನಿಂದ ಧೂಳು ಮಾತ್ರ ಬಂತು.

ನೀಲಗಂಗಾ ಒಮ್ಮೆ ಸೆರಗು ಸರಿಮಾಡಿಕೊಂಡಳು. ಅಷ್ಟೇ ಹೊತ್ತು. ಓದಿದಳು:

"'ಅಕ್ಕಲಕೋಟೆ: ಇಲ್ಲಿಯ ಕಸ್ತೂರಬಾಯಿಯವರ ಎಮ್ಮೆಯು ಎರಡು ದಿನ ಹಾಲು ಕೊಡದೆ ನಿಂತಿತ್ತು. ದೃಷ್ಟಿ ತಾಗಿದೆಯೆಂದು ಮೆಣಸಿನಕಾಯಿ ಇಳಿಸಿ ಒಗೆಯಲಾಯಿತು. ಅದರ ಹಿಂದಿನ ದಿನ ಗುರುಬಾಯಿಯವರ ಅಂಗಳದಲ್ಲಿ ಒಣಹಾಕಿದ ಒಂದು ಹಾಸಿನ ಶೇಂಗಾ ಸಿಪ್ಪೆ ಸಮೇತ ಮಾಯವಾಗಿತ್ತು. ಈ ಎರಡೂ ಸಂಗತಿಗಳಿಗೆ ಸಂಬಂಧವಿದೆಯೇ ಎಂಬುದನ್ನು ವಾಚಕರೇ ವಿಚಾರಿಸಬೇಕು.'"

ಆಮೇಲೆ ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಗುರುಬಾಯಿ ತೊಡೆ ಬಡಿದುಕೊಂಡು ನಕ್ಕಳು. ಎದುರು ಮನೆಯ ಅಡತಿ ವ್ಯಾಪಾರಿಯ ಹೆಂಡತಿ ಕಸ್ತೂರಬಾಯಿ ಮಾತ್ರ ಕೆಂಪಾಗಿ ಎದ್ದುನಿಂತಳು.

"ಅವ್ವs, ನನ್ನ ಎಮ್ಮಿ ಸೋಲಾಪುರದ ಪೇಪರದಾಗ ಬಂತೇನ? ಎಲ್ಲಿ ಬರದಾರ, ತೋರಸು! ಕೊಡು ಇಲ್ಲಿ, ನಮ್ಮ ಮನಿಯವರ ಕಡಿಂದ ಇನ್ನೊಮ್ಮಿ ಓದಸ್ತೀನಿ."

ನೀಲಗಂಗಾಳ ಕೈ ಹಾಳೆಯ ಮೇಲೆ ಗಟ್ಟಿಯಾಯಿತು. ಓದಿ ತಪ್ಪಿಸಿದ್ದನ್ನು ಅವಳು ಈಗ ಎಲ್ಲಿ ಬಚ್ಚಿಡಬೇಕು? ಅದನ್ನು ನೋಡಿದ ಮೇಲೆ ಶಂಕರೆಪ್ಪ ಹೊರಗೆ ನಿಲ್ಲಲಿಲ್ಲ. ಚಪ್ಪಲಿಗಳನ್ನು ಕೆಳಗೆ ಬಿಟ್ಟು ಹೊಸಿಲು ದಾಟಿದ.

"ಶರಣ್ರೀ. ನಾ ಬೋರ್ಡಿಂಗದಂವ, ಮಂದ್ರೂಪದ ಶಂಕರೆಪ್ಪ. ಊರ ಸುದ್ದಿ ಬರಿಯಾಂವ ನಾನ ರೀ." ಕಸ್ತೂರಬಾಯಿಯ ಕಡೆ ತಿರುಗಿ ಕೈ ಮುಗಿದ. "ಬಾಯಾರ, ನಿಮ್ಮ ಎಮ್ಮಿ ಸುದ್ದಿ ನಿಮ್ಮನ್ನ ಕೇಳದ ಬರಿಯೂದು ತಪ್ಪಾಗೈತ್ರಿ. ಅದಕ್ಕ ಓಡಿ ಬಂದೀನಿ. ಈ ಹಾಳಿ ಹಿಂದಕ್ಕ ಒಯ್ಯತೀನಿ. ನಿಮ್ಮ ಮಾತು ಏನೈತಿ ಹೇಳ್ರಿ, ಮುಂದಿನ ವಾರ ನಿಮ್ಮ ಹೆಸರಲೆ ಬರತೈತಿ."

ಒಂದು ಎಮ್ಮೆಗಾಗಿ ಸೋಲಾಪುರದಿಂದ ಸಂಪಾದಕರೇ ಧೂಳು ತಿನ್ನುತ್ತ ಬಂದದ್ದನ್ನು ಕಸ್ತೂರಬಾಯಿ ಮೇಲಿಂದ ಕೆಳಗೆ ನೋಡಿದಳು. ಸಿಟ್ಟು ಎಲ್ಲೋ ಹೋಗಿ ದೊಡ್ಡಸ್ತಿಕೆ ಬಂತು.

"ಹಂಗಿದ್ರ ಬರಕೊ ತಮ್ಮಾ. ಎಮ್ಮಿ ತಾನಾಗಿ ಹೋಗಿಲ್ಲ. ಗುರುಬಾಯಿ ಶೇಂಗಾ ಒಣಗ ಹಾಕಿ ಬಾಗಲಾ ತಗದು ಇಟ್ಟಿದ್ಳು. ಕರದ್ರ ಯಾರ ಬರೂದಿಲ್ಲ?"

ಮತ್ತೆ ನಗೆ. ಶಂಕರೆಪ್ಪ ತಪ್ಪದೆ ಬರೆದುಕೊಂಡ. ಅಷ್ಟರಲ್ಲಿ ನೀಲಗಂಗಾ ಹಾಳೆಗಳನ್ನು ಮಡಚಿ ಅವನ ಕೈಗೆ ಕೊಟ್ಟಿದ್ದಳು.

ಹೆಂಗಸರು ಹೋದ ಮೇಲೆ ಗುರುಬಾಯಿ ಅವನನ್ನು ಬಿಡಲಿಲ್ಲ. ಕಾಲು ತೊಳೆಯಲು ನೀರು, ಆಮೇಲೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು. "ಮಂದ್ರೂಪದಾಗ ಯಾರ ಪೈಕಿ ನೀ?" ಎಂದು ಕೇಳಿ, ಅಪ್ಪನ ಹೆಸರು, ಅಜ್ಜನ ಹೆಸರು, ತಾಯಿಯ ತವರೂರು, ಹೊಲದ ಗುರುತು ಎಲ್ಲವನ್ನೂ ಬಿಡಿಸಿ ಬಿಡಿಸಿ ತಿಳಿದುಕೊಂಡಳು. ಆ ಮುದುಕಿಯನ್ನು ಸಂಪಾದಕಿ ಮಾಡಿದ್ದರೆ ಚಹಾದ ಗರಜೇ ಬೀಳುತ್ತಿರಲಿಲ್ಲ. ಬಾಗಿಲ ಹತ್ತಿರ ಕೂತು ಅವಳು ಶೇಂಗಾ ಸುಲಿಯತೊಡಗಿದಾಗ ನೀಲಗಂಗಾ ಎರಡನೆಯ ರೊಟ್ಟಿ ತಂದಳು.

ಶಂಕರೆಪ್ಪ ತಲೆಯೆತ್ತದೆ ಹೇಳಿದ. "ತಪ್ಪಾತ್ರಿ. ನಿಮ್ಮಣ್ಣಗ ಖುಷಿ ಆಗಲಿ ಅಂತ ಬರದೆ."

"ಅಣ್ಣ ಪುಣೆದಾಗ ಅದಾನ್ರಿ," ಎಂದಳು ನೀಲಗಂಗಾ. "ಓದಾಕಿ ನಾನು."

ಅವನು ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದ.

"ನೀವು ಸುಳ್ಳು ಬರದಿಲ್ರಿ. ಬಂದಿದ್ದು ಖರೆ, ನೋಡಿದ್ದೂ ಖರೆ. ನಾ ಓದೂವಾಗ ಎರಡು ಸಾಲು ಮುಂದ ಕಣ್ಣು ಹಾಯಿಸಿರತೀನಿ, ಅದಕ್ಕ ಉಳಕೊಂಡೆ. ಇಲ್ಲಾಂದ್ರ..." ಒಳಗೆ ನೋಡಿ, ಮತ್ತೆ ಇತ್ತ ನೋಡಿ ಮುಂದುವರಿಸಿದಳು. "ಬರದಮ್ಯಾಲೆ ಒಮ್ಮಿ ದೊಡ್ಡ ದನಿಲೆ ಓದಿ ನೋಡ್ರಿ. ಯಾರ ಸುದ್ದಿ ಐತಿ ಅವರ ಎದುರಿಗಿ ಕುಂತಾರ ಅಂತ ತಿಳಕೊಂಡು ಓದ್ರಿ. ನಾಲಿಗಿ ಎಲ್ಲಿ ತಡದು ನಿಂದರತೈತಿ, ಅದನ್ನ ಬಿಟ್ಟು ಬಿಡ್ರಿ."

ಇಷ್ಟು ಹೇಳಿ ಒಳಗೆ ಹೋದಳು. ಓದಿನ ದನಿ ದೊಡ್ಡದೆಂದು ಬೇಡವಾದ ಹುಡುಗಿ ಅದೇ ದನಿಯಿಂದ ಇಂದು ತನ್ನನ್ನೂ ಉಳಿಸಿಕೊಂಡಿದ್ದಳು, ಅವನನ್ನೂ ಉಳಿಸಿದ್ದಳು. ಬೇಡ ಎಂದ ಸೋಲಾಪುರದ ಮನೆಯವರ ಮೇಲೆ ಶಂಕರೆಪ್ಪನಿಗೆ ಎಲ್ಲಿಲ್ಲದ ಸಿಟ್ಟು ಬಂತು. ರೊಟ್ಟಿ ತಿಂದು ಮುಗಿಸುವಷ್ಟರಲ್ಲಿ, ಯಾಕೋ ಏನೋ, ಅವರು ಬೇಡ ಎಂದದ್ದೇ ಚೆನ್ನಾಯಿತೆಂದೂ ಅನಿಸಿತು.

ಬೋರ್ಡಿಂಗಿಗೆ ಬಂದವನೇ ಕೊನೆಯ ಹಾಳೆಯನ್ನು ಒಲೆಗೆ ಹಾಕಿ ಹೊಸದಾಗಿ ಬರೆದ. ಅಕ್ಕಲಕೋಟೆಯ ಎಮ್ಮೆಯ ಸುದ್ದಿಯನ್ನು ಅವಳು ಓದಿದಂತೆಯೇ ಇಳಿಸಿದ, ಒಂದು ಮಾತೂ ಆಚೀಚೆ ಮಾಡಲಿಲ್ಲ. ಮುಂದಿನ ವಾರ ಕಸ್ತೂರಬಾಯಿಯ ಉತ್ತರವೂ ಅವಳ ಹೆಸರಲ್ಲೇ ಬಂತು. ಆ ವರ್ಷ 'ಪಡಸಾಲಿ'ಯಲ್ಲಿ ಬಂದ ಸುದ್ದಿಗಳಲ್ಲಿ ಇದಕ್ಕೆ ನಕ್ಕಷ್ಟು ಹುಡುಗರು ಬೇರೆ ಯಾವುದಕ್ಕೂ ನಗಲಿಲ್ಲ. ನಾಗಣ್ಣನಂತೂ ಅದನ್ನು ಮರಾಠಿಗೆ ಮಾಡಿ ಹಾಕಿಕೊಂಡ. ಎಲ್ಲರೂ ಶಂಕರೆಪ್ಪನ ಬೆನ್ನು ತಟ್ಟಿದರು. ತಾನು ಬರೆದದ್ದಲ್ಲ ಎಂದು ಹೇಳಲು ಬಾರದೆ ಅವನು ನಾಚಿ ಕೂತ. ಬಂಡೆಪ್ಪ ಊರಿಂದ ಬಂದಾಗ ಶಂಕರೆಪ್ಪ ಮೊದಲು ಮಾಡಿದ ಕೆಲಸವೆಂದರೆ ಅವನಿಗೆ ಚಹಾ ಕುಡಿಸಿದ್ದು. ಚಹಾ ಕುಡಿದು ಬಂಡೆಪ್ಪ ಮೂಗು ಒರೆಸಿಕೊಂಡು, "ಅವತ್ತು ನೋಡಾಕ ಬಂದಿದ್ದು ಹೊರಗ ಅನಬ್ಯಾಡ ಅಂತ ಕಲ್ಯಾಣವ್ವ ಹೇಳಿದ್ಳೋ. ನೀ ಕುಂಡ್ರಸಿದ್ರ ಅಂತಿದ್ದೆ," ಎಂದ. ಕಲ್ಯಾಣವ್ವ ಎಂದರೆ ನೀಲಗಂಗಾಳ ತಾಯಿ. ಶಂಕರೆಪ್ಪ ಹಣೆ ಹಣೆ ಚಚ್ಚಿಕೊಂಡ.

ಅಂದಿನಿಂದ ಬೋರ್ಡಿಂಗಿನ ಹಿತ್ತಲಲ್ಲಿ ಬೇವಿನ ಮರದ ಕೆಳಗೆ ನಿಂತು ಗಟ್ಟಿಯಾಗಿ ಊರ ಸುದ್ದಿ ಓದುವ ಹುಚ್ಚನೊಬ್ಬನನ್ನು ವಿಜಾಪುರ ರಸ್ತೆಯವರು ಪ್ರತಿ ಶುಕ್ರವಾರ ಕಂಡರು. ಎಷ್ಟೋ ಸಾಲುಗಳಲ್ಲಿ ನಾಲಿಗೆ ತಡೆದು ನಿಂತಿತು, ಎಷ್ಟೋ ಸುದ್ದಿ ಹೊರಬೀಳದೆ ಹೋಯಿತು.

ಇತ್ತ ಬರಬೇಕಿದ್ದ ಇನ್ನೊಂದು ಕಡೆಯವರು ಅಕ್ಕಲಕೋಟೆಗೆ ಬರಲೇ ಇಲ್ಲ. ಅವರಿಗೆ ಬರಬೇಡಿರೆಂದು ಹೇಳಿ ಕಳಿಸಿದವಳು ಗುರುಬಾಯಿ. ಮಾಘ ಮಾಸದಲ್ಲಿ ಅವಳಿಂದ ಮಂದ್ರೂಪಕ್ಕೆ ಮಾತು ಹೋಯಿತು. ಶಂಕರೆಪ್ಪನ ಅಪ್ಪ ಅವ್ವ ಬಂದರು, ಬೋರ್ಡಿಂಗಿನಿಂದ ಮಗನನ್ನು ಕರೆದುಕೊಂಡು ಅಕ್ಕಲಕೋಟೆಗೆ ಹೋದರು. ಅದೇ ಪಡಸಾಲೆ, ಅದೇ ಕಂಬ. ಶಿರಾ ಬಂತು, ಚಹಾ ಬಂತು. "ಓದಾಕ ಬರತೈತೇನವಾ?" ಎಂದು ಶಂಕರೆಪ್ಪನ ಅಪ್ಪ ಕೇಳಿಯೇ ಕೇಳಿದ. ಶಂಕರೆಪ್ಪ ಅವ್ವನ ಮುಖ ನೋಡಿದ. ಹುಡುಗಿ ಓದಿದಳು. ಅವನ ಅವ್ವ ಮುಗಿಯುವತನಕ ಕೇಳಿ, "ನನಗ ಕಣ್ಣು ಮಂಜಾಗ್ಯಾವ, ದಿನಾ ಓದಿ ಹೇಳತೀಯೇನ?" ಎಂದಳು. ಸಾಕರಪುಡಾ ಮಾತ್ರ ಹುಡುಗನ ಪರೀಕ್ಷೆ ಮುಗಿದ ಮೇಲೆ ಎಂದು ಹಿರಿಯರು ಗೊತ್ತು ಮಾಡಿದರು.

ಆ ವಾರ ಬಂಡೆಪ್ಪನ ಹೊಟ್ಟೆ ಉಬ್ಬಿ ಒಡೆಯುವುದೊಂದು ಬಾಕಿ. "ಈಗರೆ ಬರಿಯೋ! ಇದಕ್ಕಿಂತ ದೊಡ್ಡ ಸುದ್ದಿ ಯಾವುದೈತಿ ನಿನಗ?" ಶಂಕರೆಪ್ಪ ಹಿತ್ತಲಿಗೆ ಹೋದ. ಬೇವಿನ ಮರದ ಕೆಳಗೆ ಬಹಳ ಹೊತ್ತು ನಿಂತು ಬಂದು ಬರೆದ: 'ಅಕ್ಕಲಕೋಟೆ: ಕಸ್ತೂರಬಾಯಿಯವರ ಎಮ್ಮೆ ಈದಿದೆ. ತಾಯಿ, ಕರು ಎರಡೂ ಕ್ಷೇಮ. ಬೇರೆ ವಿಶೇಷವಿಲ್ಲ.'

ಸೋಮವಾರ ಬಂಡೆಪ್ಪ ಅಂಕ ಮರಳಿ ತಂದು ಬಾಗಿಲಲ್ಲೇ ನಿಂತು ಶುರುಮಾಡಿದ. "ಓದಿದ್ಳು. ಪಡಸಾಲಿ ತುಂಬಿತ್ತು. ಅಕ್ಕಲಕೋಟಿ ಅಂದಕೂಡಲೆ ಗುರುಬಾಯಿ ಆಯಿ ಕಿವಿ ಮುಂದ ಮಾಡಿ ಕುಂತ್ಳು. ಎಮ್ಮಿ ಈದೈತಿ, ಮುಗೀತು! ಮತ್ತೇನೂ ಬರದಿಲ್ಲೇನ ಅಂತ ಆಯಿ ಕೇಳಿದ್ಳು. ಇಲ್ಲ ಆಯಿ, ಬೇರೆ ವಿಶೇಷವಿಲ್ಲ ಅಂತ ಆ ಸಾಲು ಇನ್ನೊಮ್ಮಿ ಓದಿದ್ಳು. ಇಷ್ಟ."

ಶಂಕರೆಪ್ಪ ಅವನ ಚೀಲ ಇಳಿಸಿದ. ರಸ್ತೆ ದಾಟಿಸಿದ. ಅಂಗಡಿಯ ಬಾಂಕಿನ ಮೇಲೆ ಕೂಡಿಸಿ, ಚಹಾ ತರಿಸಿ, ಅವನು ಬಸಿಗೆ ಸುರುವಿಕೊಂಡು ಊದಿ ಊದಿ ಕುಡಿದು ಮುಗಿಸುವವರೆಗೆ ಸುಮ್ಮನೆ ಕಾದ.

ಬಂಡೆಪ್ಪ ಬಸಿ ಕೆಳಗಿಟ್ಟ. "ಹಾಂ, ಇನ್ನೊಂದು ಮರತೆ. ಅಂಕ ಹಿಂದಕ್ಕ ಕೊಡೂ ಮುಂದ ಆಕಿ ಸಣ್ಣ ದನಿಲೆ ಅಂದ್ಳು, 'ಬರದಿದ್ದು ಎಲ್ಲಾರಿಗೂ ಓದಿ ಹೇಳೀನಿ, ಬರೀದ ಬಿಟ್ಟಿದ್ದು ನಾ ಒಬ್ಬಾಕೀನ ಓದಕೊಂಡೀನಿ ಅಂತ ನಿಮ್ಮ ಸಂಪಾದಕರಿಗಿ ಹೇಳು' ಅಂತ. ಏನು ಅದು, ನನಗೇನ ತಿಳೀಲಿಲ್ಲ."

ಶಂಕರೆಪ್ಪನಿಗೆ ತಿಳಿದಿತ್ತು. ಮುಖ ಕಾಣದಿರಲೆಂದು ರಸ್ತೆಯ ಕಡೆ ತಿರುಗಿ ಕೂತ. ಆಮೇಲೆ, ಮೂರನೆಯದೂ ಒಂದಿದ್ದರೆ ಇರಲಿ ಎಂದು, ಬಂಡೆಪ್ಪನಿಗೆ ಇನ್ನೊಂದು ಕಪ್ಪು ಚಹಾ ಹೇಳಿದ.